ಶೂನ್ಯ ಟಿಕೆಟ್ಟಿನಲ್ಲಿ ಮಿಸ್ಟರಿ ಶಾಪಿಂಗ್: ನನ್ನ ಅನುಭವ

ಕಳೆದ ತಿಂಗಳು ಮಿಸ್ಟರಿ ಶಾಪಿಂಗ್‌ನಿಂದ ನನ್ನ ಖಾತೆಗೆ ಏಳು ಸಾವಿರದ ಚಿಲ್ಲರೆ ಬಂತು. ಕಂಪನಿಗಳ ಪರವಾಗಿ ಸಾಮಾನ್ಯ ಗಿರಾಕಿಯಂತೆ ಅಂಗಡಿ, ಬ್ಯಾಂಕುಗಳಿಗೆ ಹೋಗಿ, ಅಲ್ಲಿನ ಸೇವೆಯನ್ನು ಗುಟ್ಟಾಗಿ ಗಮನಿಸಿ ರಿಪೋರ್ಟ್ ಬರೆಯುವ ಕೆಲಸವಿದು. ಅದರ ಹಿಂದಿನ ತಿಂಗಳು ಐದೂವರೆ ಸಾವಿರ. ದಾವಣಗೆರೆಯಂತಹ ಊರಿನಲ್ಲಿ ಇದು ನಡೆಯುವುದಿಲ್ಲ, ಇದೇನಿದ್ದರೂ ಬೆಂಗಳೂರಿನ ಮಾಲ್‌ಗಳಲ್ಲಿ ಸುತ್ತುವ ಹುಡುಗರ ಕೆಲಸ ಎಂದವರು ಒಬ್ಬಿಬ್ಬರಲ್ಲ. ಮಗ ಹೇಳಿದ, ವಾರಗಿತ್ತಿ ಹೇಳಿದರು, ಪಿಂಚಣಿದಾರರ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವರೂ ಹೇಳಿದರು. ಈಗ ಹದಿನಾಲ್ಕು ತಿಂಗಳಿನಿಂದ ಒಂದು ತಿಂಗಳೂ ಕೈ ಬರಿದಾಗಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಏನೇನು ನೋಡಬೇಕು, ಕೇಳಬೇಕು ಎಂದು ಕಂಪನಿ ಕೊಡುವ ಸೂಚನೆಯೇ ಬ್ರೀಫ್. ರಿಪೋರ್ಟ್ ಫಾರಂ ಹೇಗಿರುತ್ತದೆ ಎಂಬುದು ಈ ಕಂಪನಿಗಳ ಆ್ಯಪ್ ಇಳಿಸಿಕೊಂಡ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ನಾನು 2021ರಲ್ಲಿ ಅಂಚೆ ಇಲಾಖೆಯಿಂದ ನಿವೃತ್ತಳಾದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೌಂಟರಿನ ಒಳಗೆ ಕುಳಿತು ಉಳಿತಾಯ ಖಾತೆ, ಆರ್.ಡಿ., ಮನಿ ಆರ್ಡರ್ ನೋಡಿದವಳು. ಗಿರಾಕಿ ಬಂದಾಗ ಒಳಗಿದ್ದವರು ತಲೆ ಎತ್ತಿದರೋ ಇಲ್ಲವೋ ಎಂಬುದನ್ನು ಗಮನಿಸಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ನಮ್ಮ ಯಜಮಾನರು ದುಡಿದ ಹತ್ತಿ ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದವು. ಅವರಿಗೆ ಬರುವ ಇಪಿಎಫ್ ಪಿಂಚಣಿ ಕನಿಷ್ಠ ಮೊತ್ತವಾದ 1,000 ರೂಪಾಯಿಯ ಆಸುಪಾಸಿನಲ್ಲೇ ನಿಂತಿದೆ. ನನ್ನ ಪಿಂಚಣಿಯಲ್ಲಿ ಮನೆ ನಡೆಯುತ್ತದೆ. ಆದರೆ ಇಬ್ಬರ ಔಷಧಿ, ಮೊಮ್ಮಗಳ ಹುಟ್ಟುಹಬ್ಬ, ಒಂದು ಮದುವೆಯ ಮುಯ್ಯಿ ಎಂದರೆ ತಿಂಗಳ ಕೊನೆಗೆ ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು.

ಮೊದಲ ಏಟು ಬಿದ್ದದ್ದು 2022ರ ಕೊನೆಯಲ್ಲಿ. ಟೆಲಿಗ್ರಾಂನಲ್ಲಿ ಬಂದ ಸಂದೇಶವೊಂದು ಮಿಸ್ಟರಿ ಶಾಪರ್ ಬೇಕಾಗಿದ್ದಾರೆ ಎಂದಿತು. ನೋಂದಣಿ ಶುಲ್ಕ 1,499 ರೂಪಾಯಿ. ಕಟ್ಟಿದೆ. ಹೋಟೆಲುಗಳಿಗೆ ಐದು ನಕ್ಷತ್ರ ಒತ್ತಿ ಎಂದರು, ಒತ್ತಿದೆ, 150 ರೂಪಾಯಿ ನಿಜವಾಗಿಯೂ ಬಂತು. ಆಮೇಲೆ ದೊಡ್ಡ ಕೆಲಸಕ್ಕೆ 5,000 ಠೇವಣಿ ಎಂದರು. ಅದನ್ನೂ ಕಟ್ಟಿದೆ. ಮರುದಿನ ಗುಂಪೇ ಮಾಯ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಮೂರು ದಿನ ಕಳೆದಿತ್ತು, ದೂರು ದಾಖಲಾಯಿತು, ಹಣ ಬರಲಿಲ್ಲ. ಅಂದೇ ಕರೆ ಮಾಡಿದ್ದರೆ ಖಾತೆ ತಡೆಹಿಡಿಯುವ ಅವಕಾಶವಾದರೂ ಇತ್ತು. ಜೀವಮಾನವೆಲ್ಲ ಬೇರೆಯವರ ಹಣ ಎಣಿಸಿದ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ನಿಜವಾದ ಕಂಪನಿ ಶಾಪರ್‌ನಿಂದ ಒಂದು ರೂಪಾಯಿ ಶುಲ್ಕವನ್ನೂ ಕೇಳುವುದಿಲ್ಲ. ಬ್ರೀಫ್‌ನಲ್ಲಿದ್ದರೆ ನಾವು ಅಂಗಡಿಯಲ್ಲಿ ಖರ್ಚು ಮಾಡುತ್ತೇವೆ, ಬಿಲ್ ತೋರಿಸಿದರೆ ಅವರು ಹಿಂದಿರುಗಿಸುತ್ತಾರೆ, ಅಷ್ಟೇ. ಇದನ್ನು ಬಾಗಿಲಿಗೆ ಬರೆದು ಅಂಟಿಸಿಕೊಳ್ಳಬೇಕು.

ನಿಜವಾದ ಕೆಲಸಗಳು ಸಿಕ್ಕ ಮೇಲೂ ಮೊದಲ ವರ್ಷ ನಷ್ಟವೇ. ಬಟ್ಟೆ ಅಂಗಡಿಯೊಂದರಲ್ಲಿ 640 ರೂಪಾಯಿಯ ಕುರ್ತಾ ಕೊಂಡೆ. ಬಿಲ್ಲನ್ನು ಪರ್ಸಿನಲ್ಲಿ ಮಡಚಿಟ್ಟು ರಾತ್ರಿ ಫೋಟೋ ತೆಗೆದೆ, ಮಡಿಕೆಯ ಜಾಗದಲ್ಲಿ ದಿನಾಂಕವೇ ಅಳಿಸಿಹೋಗಿತ್ತು. ಆ ಕಾಗದದ ಮೇಲಿರುವುದು ಶಾಯಿಯಲ್ಲ, ಶಾಖಕ್ಕೆ ಮೂಡುವ ಅಕ್ಷರ. ರಿಪೋರ್ಟ್ ತಿರಸ್ಕೃತವಾಯಿತು, ಕೆಲಸಕ್ಕೆ ನನಗೆ ಬರಬೇಕಾದ ಶುಲ್ಕವೂ ಇಲ್ಲ, ಕುರ್ತಾದ ಹಣವೂ ಇಲ್ಲ. ಕುರ್ತಾ ಸೊಸೆಗೆ ಹೋಯಿತು. ಅಂದಿನಿಂದ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಬಿಲ್ಲಿನ ಎರಡು ಫೋಟೋ.

ಅದಕ್ಕಿಂತ ದೊಡ್ಡ ಸೋಲು ಒಂದು ಬ್ಯಾಂಕ್ ಶಾಖೆಯಲ್ಲಾಯಿತು. ಹಿರಿಯ ನಾಗರಿಕಳಾಗಿ ಹೋಗಿ ಠೇವಣಿಯ ಬಗ್ಗೆ ಕೇಳಬೇಕಿತ್ತು. ಹಿರಿಯರಿಗೆ ಇರುವ ಹೆಚ್ಚುವರಿ ಬಡ್ಡಿ ತಾವಾಗಿ ಹೇಳುತ್ತಾರೋ, ನಾಮಿನಿ ಕೇಳುತ್ತಾರೋ, ಬಡ್ಡಿಯಲ್ಲಿ ತೆರಿಗೆ ಹಿಡಿಯದಂತೆ ಕೊಡುವ 15ಎಚ್ ನಮೂನೆ ನೆನಪಿಸುತ್ತಾರೋ, ಇಲ್ಲ ಠೇವಣಿ ಬಿಟ್ಟು ವಿಮೆ ಮಾರಲು ನೋಡುತ್ತಾರೋ ಎಂಬುದು ಬ್ರೀಫ್. ಮೇಜಿನ ಹಿಂದಿದ್ದ ಯುವಕ ನನ್ನನ್ನು ಕಂಡೊಡನೆ ಎದ್ದು ನಿಂತು, "ಮೇಡಂ, ನೀವು ಅಂಚೆ ಕಚೇರಿಯಲ್ಲಿ ಇದ್ದವರಲ್ಲವೇ? ನಮ್ಮ ಅಮ್ಮನ ಆರ್.ಡಿ. ನೀವೇ ಮಾಡಿಕೊಟ್ಟಿದ್ದಿರಿ" ಎಂದ. ಕಾಫಿ ತರಿಸಿದ. ಅಷ್ಟು ಆದರ ಮಾಡಿದ ಮೇಲೆ ಸೇವೆಗೆ ಅಂಕ ಕೊಡುವುದು ಹೇಗೆ? ಗುರುತು ಹಿಡಿದರು ಎಂದು ರಿಪೋರ್ಟಿನಲ್ಲಿ ಬರೆದೆ, ಆ ಕೆಲಸದ ಶುಲ್ಕ 450 ರೂಪಾಯಿ ಬಿಟ್ಟೆ. ಪಿ.ಜೆ. ಬಡಾವಣೆಯಿಂದ ಮಂಡಿಪೇಟೆಯವರೆಗೆ ಎಲ್ಲಿ ಹೋದರೂ ಇದೇ ಕಥೆ. ಈ ಊರಿನಲ್ಲಿ ನಾನು ಅಪರಿಚಿತ ಗಿರಾಕಿಯಾಗುವುದು ಸಾಧ್ಯವೇ ಇಲ್ಲ ಎಂದು ಅರಿವಾಯಿತು.

ಹೊರ ಊರಿಗೆ ಹೋಗಬೇಕು. ಹೋಗಿ ಬರುವ ಟಿಕೆಟ್ಟಿಗೇ ಬಹುಪಾಲು ಶುಲ್ಕ ಹೋದರೆ ಏನು ಉಳಿಯುತ್ತದೆ? ಇಲ್ಲಿಗೆ ಎಲ್ಲರೂ ಕೈಬಿಡುತ್ತಾರೆ. ನಾನು ಬಿಡಲಿಲ್ಲ, ಏಕೆಂದರೆ 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಆಧಾರ್ ತೋರಿಸಿದರೆ ನಿರ್ವಾಹಕರು ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸಕ್ಕೆ ಅನ್ವಯಿಸುವುದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಚಿತ್ರದುರ್ಗಕ್ಕೆ ಅರವತ್ತು ಕಿಲೋಮೀಟರ್, ಹರಿಹರಕ್ಕೆ ಹದಿನಾಲ್ಕು. ವಾಯವ್ಯ ಸಾರಿಗೆಯ ಬಸ್ಸಿನಲ್ಲಿಯೂ ಇದೇ ಸೌಲಭ್ಯ, ಹಾಗಾಗಿ ರಾಣೆಬೆನ್ನೂರು ಕೂಡ ನನ್ನ ವ್ಯಾಪ್ತಿಗೆ ಬಂತು. ದಾವಣಗೆರೆಯ ನಿವೃತ್ತ ಹೆಂಗಸಿಗೆ ಬೆಂಗಳೂರಿನ ಶಾಪರ್‌ಗಿಂತ ಹೆಚ್ಚಿನ ಅನುಕೂಲವಿದೆ ಎಂದು ನಾನು ಹೇಳಿದಾಗ ಮಗ ನಂಬಲಿಲ್ಲ. ಲೆಕ್ಕ ಬರೆದು ತೋರಿಸಿದೆ.

ನೆನಪಿನಲ್ಲಿರುವ ಒಂದು ದಿನದ ಲೆಕ್ಕ ಹೀಗಿತ್ತು. ಚಿತ್ರದುರ್ಗದಲ್ಲಿ ನಾಲ್ಕು ಕೆಲಸ: ಬ್ಯಾಂಕಿಗೆ 450, ಬಟ್ಟೆ ಅಂಗಡಿಗೆ 350, ಮೊಬೈಲ್ ಅಂಗಡಿಗೆ 300, ತಿಂಡಿ ಮಳಿಗೆಗೆ 250 ಮತ್ತು ಊಟದ ಬಿಲ್ಲು. ಒಟ್ಟು 1,350. ಆಟೋಗೆ ನೂರಿಪ್ಪತ್ತು, ಕಾಫಿಗೆ ನಲವತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವಳು ಸಂಜೆ ಐದಕ್ಕೆ ಮನೆಯಲ್ಲಿದ್ದೆ. ನಾಲ್ಕೂ ಬಿ.ಡಿ. ರಸ್ತೆಯ ಆಚೀಚೆ ಇರುವಂತೆ ಆರಿಸಿಕೊಂಡದ್ದೇ ಗುಟ್ಟು. ಒಂದೇ ಕೆಲಸಕ್ಕೆ ಒಂದು ಊರಿಗೆ ಹೋಗಬಾರದು, ಕನಿಷ್ಠ ಮೂರು ಕೂಡಿದ ಮೇಲೆಯೇ ಹೊರಡಬೇಕು. ಇನ್ನೊಂದು ಮಾತು: ಸಣ್ಣ ಊರಿನ ಕೆಲಸಗಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಗಡುವು ಹತ್ತಿರವಾದಂತೆ ಶುಲ್ಕ ಏರುತ್ತದೆ. ತಿಂಗಳ ಮೊದಲ ವಾರ 250 ಇದ್ದ ಹಿರಿಯೂರಿನ ಕೆಲಸವೊಂದು ಕೊನೆಗೆ 600ಕ್ಕೆ ಬಂದಿತ್ತು. ಯಾವ ದಿನದವರೆಗೆ ಕಾಯಬೇಕು, ಯಾವ ಕಂಪನಿ ಎಷ್ಟು ಏರಿಸುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಎರಡು ವರ್ಷದ ಡೈರಿಯ ಫಲ.

ರಿಪೋರ್ಟಿಗೆ ಬರೋಣ, ಹೆಚ್ಚಿನವರು ಸೋಲುವುದು ಅಲ್ಲಿಯೇ. ಆರಂಭದಲ್ಲಿ "ಸೇವೆ ಚೆನ್ನಾಗಿತ್ತು, ಸಿಬ್ಬಂದಿ ವಿನಯವಂತರು" ಎಂದು ಬರೆದು ಕಳುಹಿಸಿದೆ. ಕಂಪನಿಯಲ್ಲಿ ರಿಪೋರ್ಟ್ ಪರಿಶೀಲಿಸುವ ಎಡಿಟರ್ ಮೂರು ಸಲ ಹಿಂದಿರುಗಿಸಿದರು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಒಳಹೋದಿರಿ, ಎಷ್ಟು ಸೆಕೆಂಡಿನಲ್ಲಿ ಮಾತನಾಡಿಸಿದರು, ಆಡಿದ ಮಾತು ಯಾವುದು, ಬಿಲ್ ಕೇಳಿದ ಮೇಲೆ ಎಷ್ಟು ಹೊತ್ತಾಯಿತು? ಅವರಿಗೆ ಬೇಕಾದದ್ದು ಇಷ್ಟು. ನನ್ನ ಅಭಿಪ್ರಾಯ ಯಾರಿಗೂ ಬೇಡ. ಅಂಗಡಿಯಲ್ಲಿ ಚೀಟಿ ತೆಗೆದು ಬರೆಯುವಂತಿಲ್ಲ, ಗಡಿಯಾರ ನೋಡುತ್ತಾ ನಿಂತರೂ ಅನುಮಾನ ಬರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಮಿಸ್ಡ್ ಕಾಲ್. ಒಳಹೊಕ್ಕಾಗ ಯಜಮಾನರ ಮೊಬೈಲಿಗೆ ಒಂದು ರಿಂಗ್, ಮಾತನಾಡಿಸಿದಾಗ ಇನ್ನೊಂದು, ಬಿಲ್ ಕೈಗೆ ಬಂದಾಗ ಮತ್ತೊಂದು. ಫೋನ್ ಕಿವಿಗಿಟ್ಟುಕೊಂಡ ಅರವತ್ತು ದಾಟಿದ ಹೆಂಗಸನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಬಸ್ಸಿನಲ್ಲಿ ಕುಳಿತು ಕರೆಗಳ ಪಟ್ಟಿ ತೆರೆದರೆ ಎಲ್ಲ ಸಮಯವೂ ಸಾಲಾಗಿ ಇರುತ್ತದೆ. ಈ ಉಪಾಯ ಹಿಡಿದ ಮೇಲೆ ನನ್ನ ರಿಪೋರ್ಟ್ ಒಂದೂ ತಿರಸ್ಕೃತವಾಗಿಲ್ಲ, ಒಂದು ಕಂಪನಿಯಲ್ಲಿ ನನ್ನ ಅಂಕ ಹತ್ತಕ್ಕೆ ಒಂಬತ್ತೂವರೆ. ಹೆಸರಿನ ಬಿಲ್ಲೆ ಧರಿಸದ ಸಿಬ್ಬಂದಿಯ ಹೆಸರು ಕೇಳದೆಯೇ ತಿಳಿಯುವುದು ಹೇಗೆ ಎಂದು ಇಬ್ಬರು ಶಾಪರ್ ಗೆಳತಿಯರು ಕೇಳಿದ್ದಾರೆ. ಅವರಿಗೂ ಹೇಳಿಲ್ಲ.

ಕಣ್ಣು ಪಳಗಲೆಂದು ಒಂದು ತಿಂಗಳು ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಅಭ್ಯಾಸ ಮಾಡಿದೆ. ಸೌದೆ ಒಲೆಯ ಕಾವಲಿಗೆ ಒಂದು ಸಲಕ್ಕೆ ಎಷ್ಟು ದೋಸೆ ಬೀಳುತ್ತದೆ, ಆರ್ಡರ್ ಕೊಟ್ಟು ಎಷ್ಟು ನಿಮಿಷಕ್ಕೆ ತಟ್ಟೆ ಬರುತ್ತದೆ, ಚಟ್ನಿ ಮರುಬಡಿಸಲು ಕೇಳಬೇಕೋ ತಾವೇ ಬರುತ್ತಾರೋ ಎಂದು ನೋಡಿ, ಮನೆಗೆ ಬಂದು ನೆನಪಿನಿಂದ ಬರೆಯುವುದು. ಮೊದಲ ವಾರ ನನ್ನ ಅಂದಾಜಿಗೂ ಗಡಿಯಾರಕ್ಕೂ ನಾಲ್ಕೈದು ನಿಮಿಷದ ಅಂತರ. ತಿಂಗಳ ಕೊನೆಗೆ ಒಂದು ನಿಮಿಷದೊಳಗೆ ಬಂತು. ಹಸಿದಾಗ ಕಾಯುವ ಹೊತ್ತು ದುಪ್ಪಟ್ಟಾಗಿ ತೋರುತ್ತದೆ ಎಂಬುದನ್ನು ಅಲ್ಲಿಯೇ ಕಲಿತೆ, ಈಗ ತಿಂಡಿ ಮಳಿಗೆಯ ಕೆಲಸಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗುವುದಿಲ್ಲ. ದೋಸೆಗೆ ಆ ತಿಂಗಳು ಎಂಟುನೂರು ರೂಪಾಯಿ ಖರ್ಚಾಯಿತು. ಯಜಮಾನರು ಸಂತೋಷದಿಂದ ಜೊತೆಗೆ ಬಂದರು.

ಪೆಟ್ರೋಲ್ ಬಂಕಿನ ಕೆಲಸಗಳನ್ನು ಅವರ ಸ್ಕೂಟರಿನಲ್ಲೇ ಮಾಡಿದೆವು, ಬಸ್ಸಿನಲ್ಲಿ ಹೋಗಿ ಪೆಟ್ರೋಲ್ ಹಾಕಿಸಲು ಆಗುವುದಿಲ್ಲವಲ್ಲ. ಹೆಲ್ಮೆಟ್ ಹಾಕಿಕೊಂಡರೆ ನಮ್ಮ ಊರಿನಲ್ಲೂ ಗುರುತು ಸಿಗುವುದಿಲ್ಲ. ಮೀಟರಿನಲ್ಲಿ ಸೊನ್ನೆ ತೋರಿಸಿದರೇ, ಉಚಿತ ಗಾಳಿ ಇದೆಯೇ, ಕುಡಿಯುವ ನೀರು, ಶೌಚಾಲಯ ಹೇಗಿವೆ ಎಂದು ನೋಡಿ ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಬಂದರೆ ಹನ್ನೆರಡು ನಿಮಿಷದ ಕೆಲಸಕ್ಕೆ 250. ಹೊತ್ತಿಗೆ ಹೋಲಿಸಿದರೆ ಇದಕ್ಕಿಂತ ಒಳ್ಳೆಯ ಸಂಪಾದನೆ ಇಲ್ಲ. ಆದರೆ ಕೆಲವು ಬ್ರೀಫ್‌ಗಳಲ್ಲಿ ಐದು ಲೀಟರಿನ ಅಳತೆಪಾತ್ರೆ ತರಿಸಿ ಪ್ರಮಾಣ ಪರೀಕ್ಷಿಸಿ ಎಂದಿರುತ್ತದೆ. ಅದು ಪ್ರತಿ ಗಿರಾಕಿಯ ಹಕ್ಕು. ಹಾಗಿದ್ದರೂ ಹೆದ್ದಾರಿಯ ಬಂಕೊಂದರಲ್ಲಿ ಕೇಳಿದಾಗ ನಾಲ್ವರು ಸುತ್ತುವರಿದು ನಿಂತರು, ಹಿಂದಿನ ಸಾಲು ಹಾರ್ನ್ ಬಾರಿಸತೊಡಗಿತು. ಅಳತೆ ಸರಿಯಾಗಿಯೇ ಇತ್ತು, ಹಾಗೆಯೇ ಬರೆದೆ. ಆದರೂ ಯಜಮಾನರ ರಕ್ತದೊತ್ತಡ ನೆನೆದು ಅಂತಹ ಕೆಲಸ ಬಿಟ್ಟಿದ್ದೇನೆ.

ಗುಟ್ಟಾಗಿ ಧ್ವನಿಮುದ್ರಣ ಮಾಡಬೇಕಾದ ಕೆಲಸಗಳನ್ನೂ ನಾನು ಒಪ್ಪಿಕೊಳ್ಳುವುದಿಲ್ಲ, ಶುಲ್ಕ 800 ಇದ್ದರೂ ಸರಿಯೇ. ಕೌಂಟರಿನ ಒಳಗೆ ಕುಳಿತಿದ್ದವಳಿಗೆ ಅಲ್ಲಿನ ಸುಸ್ತು ಗೊತ್ತು. ಬಟ್ಟೆ ಮಳಿಗೆಯ ಹುಡುಗಿ ನಗಲಿಲ್ಲ ಎಂದು ಸುಮ್ಮನೆ ಬರೆದರೆ ಅವಳ ಪ್ರೋತ್ಸಾಹಧನಕ್ಕೆ ಕತ್ತರಿ ಬೀಳಬಹುದು. ಅವಳ ಮುಂದೆ ಏಳು ಜನ ಗಿರಾಕಿಗಳಿದ್ದರು, ಬೇರೆ ಸಿಬ್ಬಂದಿ ಇರಲಿಲ್ಲ ಎಂಬುದನ್ನೂ ಬರೆಯಬೇಕು, ಅದೂ ವಾಸ್ತವವೇ. ಈ ಸಾಲು ಸೇರಿಸಿದ್ದಕ್ಕೆ ಎಡಿಟರ್ ಒಮ್ಮೆಯೂ ಆಕ್ಷೇಪಿಸಿಲ್ಲ.

ಹಣ ಬರುವುದು ನಿಧಾನ. ನಲವತ್ತೈದು ದಿನ ಎಂದು ಇಟ್ಟುಕೊಳ್ಳಿ, ಎರಡು ತಿಂಗಳಾದದ್ದೂ ಇದೆ. ಒಂದು ಕಂಪನಿ 1,100 ರೂಪಾಯಿ ಕೊಡಲೇ ಇಲ್ಲ, ಬರೆದು ಬರೆದು ಸಾಕಾಯಿತು. ಹಾಗಾಗಿ ಹೊಸ ಕಂಪನಿಯಿಂದ ಮೊದಲ ಹಣ ಕೈಸೇರುವವರೆಗೆ ಎರಡನೇ ಕೆಲಸ ತೆಗೆದುಕೊಳ್ಳುವುದಿಲ್ಲ, ನನ್ನ ಕೈಯಿಂದ ಹಾಕಿದ ಹಣ ಒಟ್ಟು ಎರಡು ಸಾವಿರ ಮೀರಲು ಬಿಡುವುದಿಲ್ಲ. ಕೊಡುವ ಹಣದಲ್ಲೇ ಕಂಪನಿ ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ, ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ಹೋದ ವರ್ಷ ತೋರಿಸಿ ಸುಮಾರು 1,900 ರೂಪಾಯಿ ಮರಳಿ ಪಡೆದೆ.

ಮೂಗು ಮುರಿದಿದ್ದ ವಾರಗಿತ್ತಿ ಕಳೆದ ವಾರ ತಮ್ಮ ಪ್ಯಾನ್ ಕಾರ್ಡ್ ಹಿಡಿದುಕೊಂಡು ಮನೆಗೆ ಬಂದಿದ್ದರು, ನೋಂದಾಯಿಸಿಕೊಟ್ಟೆ. ಗುರುವಾರ ರಾಣೆಬೆನ್ನೂರಿನಲ್ಲಿ ನನಗೆ ಮೂರು ಕೆಲಸಗಳಿವೆ, ತಾವೂ ಬಂದು ನೋಡುತ್ತೇನೆ ಎಂದಿದ್ದಾರೆ. ಬಸ್ಸಿನಲ್ಲಿ ಜೊತೆಗೆ ಬರಲಿ. ಅಂಗಡಿಯೊಳಗೆ ನಾನೊಬ್ಬಳೇ ಹೋಗುತ್ತೇನೆ, ಅವರು ನಿಲ್ದಾಣದಲ್ಲಿ ಕಾಯಬೇಕು ಎಂದು ಈಗಲೇ ಹೇಳಿದ್ದೇನೆ.