ರಾಯಚೂರಿನಲ್ಲಿ ಡಿಸ್ಕಸ್ ಮೀನಿಗೆ ಹೀಟರ್: 300 ವ್ಯಾಟ್‌ನಿಂದ 50ಕ್ಕೆ ಇಳಿದ ಕಥೆ

ಮೀನಿನ ಟ್ಯಾಂಕಿಗೆ ಹೀಟರ್ ತರುತ್ತೇನೆ ಎಂದಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: "ರಾಯಚೂರಿನ ಬಿಸಿಲಿಗೆ ಹೀಟರ್ ಯಾಕೆ?" ಮೊದಲ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಳ್ಳಮಾವಾಸ್ಯೆ ಹತ್ತಿರ ಬಂತು. ಹಗಲು 30 ಡಿಗ್ರಿ ಇದ್ದರೂ ನಸುಕಿಗೆ ಮನೆಯೊಳಗೇ 20ರ ಸುಮಾರು. ಬೆಚ್ಚಗಿನ ನೀರೇ ಬೇಕಾದ ಡಿಸ್ಕಸ್ ಮೀನುಗಳು ಮೂಲೆ ಹಿಡಿದು ಕಪ್ಪಾದವು. ವಾರದೊಳಗೆ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ನಾಲ್ಕರಲ್ಲಿ ಉಳಿದದ್ದು ಎರಡು.

ಮರುವರ್ಷ ಅಂಗಡಿಯವರ ಮಾತು ಕೇಳಿ 300 ವ್ಯಾಟ್ ತಂದೆ, ಆರುನೂರು ರೂಪಾಯಿ ಇರಬೇಕು. "ದೊಡ್ಡದಿದ್ದರೆ ಬೇಗ ಕಾಯುತ್ತದೆ" ಎಂದಿದ್ದರು. ಬೇಗ ಕಾಯಿತು ನಿಜ. ಒಂದು ರಾತ್ರಿ, ಬೇಕಾದಷ್ಟು ಕಾದ ಮೇಲೆ ಹೀಟರನ್ನು ತಾನೇ ಆರಿಸಬೇಕಾದ ಅದರ ಥರ್ಮೋಸ್ಟಾಟ್ ಸಿಲುಕಿಕೊಂಡಿತು. ಬೆಳಿಗ್ಗೆ ಆರಕ್ಕೆ ನೀರು 37 ಡಿಗ್ರಿ, ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹೊಸದಾಗಿ ತಂದ ಎರಡನ್ನೂ ಸೇರಿಸಿ ನಾಲ್ಕು ಮೀನು, ಮೂರೂವರೆ ಸಾವಿರ ರೂಪಾಯಿ, ಒಂದೇ ರಾತ್ರಿಯಲ್ಲಿ ಹೋಯಿತು. ಆಮೇಲೆ ತಂದ 100 ವ್ಯಾಟಿನದು ನನ್ನದೇ ಕೈಯಿಂದ ಒಡೆಯಿತು. ಪ್ಲಗ್ ತೆಗೆಯದೆ ನೀರು ಬದಲಾಯಿಸಲು ಕೂತಿದ್ದೆ. ಹೀಟರಿನ ಗಾಜು ನೀರಿನಿಂದ ಹೊರಬಿದ್ದು ಕಾದಿತ್ತು, ತಣ್ಣೀರು ತಾಗಿದ್ದೇ ತಡ ಟಪ್ಪೆಂದಿತು. ಈಗ ಪ್ಲಗ್ ತೆಗೆದು ಕಾಲು ಗಂಟೆ ಕಾಯದೆ ಮಗ್ ಮುಟ್ಟುವುದಿಲ್ಲ.

ಆಗ ಲೀಟರಿಗೆ ಒಂದು ವ್ಯಾಟ್ ಎಂಬ ಬಾಯಿಪಾಠವನ್ನು ಬದಿಗಿಟ್ಟು ನನ್ನ ಟ್ಯಾಂಕನ್ನೇ ಅಳೆದೆ. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಲೆಕ್ಕಕ್ಕೆ 132 ಲೀಟರ್, ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ 115. ಚಳಿ ಹೆಚ್ಚಿದ್ದ ಒಂದು ರಾತ್ರಿ ಹತ್ತಕ್ಕೆ 28 ಡಿಗ್ರಿಯಲ್ಲಿ ಹೀಟರ್ ಆರಿಸಿದೆ. ಬೆಳಿಗ್ಗೆ ಆರಕ್ಕೆ 25. ಲೀಟರಿಗೆ ಡಿಗ್ರಿ ಗುಣಿಸಿದರೆ 345, ಎಂಟು ಗಂಟೆಯಿಂದ ಭಾಗಿಸಿದರೆ 43, ವ್ಯಾಟಿಗೆ ತರಲು ಅದಕ್ಕೆ ಅದರ ಆರನೇ ಒಂದು ಪಾಲು ಸೇರಿಸಿದರೆ 50 ವ್ಯಾಟ್. ನನ್ನ ಟ್ಯಾಂಕು ರಾತ್ರಿ ಕಳೆದುಕೊಳ್ಳುವುದು ಇಷ್ಟೇ! ಇನ್ನೂ ಚಳಿ ಬಿದ್ದರೆ ಇರಲಿ ಎಂದು ದುಪ್ಪಟ್ಟು ಹಿಡಿದೆ. ಆದರೆ ಒಂದೇ 100 ತರದೆ ಎರಡು 50 ತಂದೆ.

ಮೀನು ಸಾಕುವ ಗೆಳೆಯರು ಒಪ್ಪಲಿಲ್ಲ. ಮೂರಡಿ ಟ್ಯಾಂಕಿಗೆ 50 ವ್ಯಾಟ್ ಯಾವ ಲೆಕ್ಕ ಎಂದರು. ಹೋದ ಚಳಿಗಾಲ ಎರಡರಲ್ಲಿ ಒಂದು ಕೈಕೊಟ್ಟಿತು, ಹಿಂದಿನ ಸಂಜೆಯಿಂದಲೇ ಆರದೆ ಸಿಲುಕಿಕೊಂಡಿರಬೇಕು. ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತಾ ನೋಡಿದರೆ ನೀರು 30 ಡಿಗ್ರಿ, ಮೀನುಗಳು ತಿಂಡಿಗಾಗಿ ಗಾಜಿಗೆ ಬಂದು ನಿಂತಿದ್ದವು. 300 ವ್ಯಾಟ್ ಈ ನೀರನ್ನು ಅರ್ಧ ಗಂಟೆಗೊಂದು ಡಿಗ್ರಿಯಂತೆ ಏರಿಸುತ್ತದೆ. 50ಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಬೇಕು, ಅಷ್ಟರಲ್ಲಿ ಟ್ಯಾಂಕು ಬಹುಪಾಲನ್ನು ಹೊರಕ್ಕೆ ಬಿಟ್ಟುಬಿಟ್ಟಿರುತ್ತದೆ. ಒಪ್ಪದವರಲ್ಲಿ ಇಬ್ಬರು ಈಗ ನನ್ನಿಂದಲೇ ಲೆಕ್ಕ ಹಾಕಿಸಿಕೊಂಡು ಹೋಗಿದ್ದಾರೆ.

ಎರಡು ಹೀಟರ್‌ಗಳಿಗೂ ನಾನು ಒಂದೇ ಡಿಗ್ರಿ ಇಡುವುದಿಲ್ಲ. ಎಷ್ಟು ಅಂತರ, ಯಾವುದು ಫಿಲ್ಟರಿನ ಪಕ್ಕಕ್ಕೆ ಎಂಬುದು ಎರಡು ಚಳಿಗಾಲ ಹಾಳುಮಾಡಿಕೊಂಡು ಕಲಿತದ್ದು, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಡಯಲಿನ ಅಂಕಿಯನ್ನಂತೂ ನಂಬಬೇಡಿ. ನನ್ನ ಒಂದು ಹೀಟರಿನಲ್ಲಿ 26 ಎಂದರೆ ನೀರಿನಲ್ಲಿ 28. ಗಾಜಿಗೆ ಹೊರಗಿನಿಂದ ಅಂಟಿಸುವ ಥರ್ಮಾಮೀಟರ್ ಪಟ್ಟಿಯೂ ಒಂದೂವರೆ ಡಿಗ್ರಿ ಕಡಿಮೆ ತೋರಿಸಿತು; ಒಳಗೆ ಮುಳುಗಿಸುವ ಗಾಜಿನ ಥರ್ಮಾಮೀಟರೇ ವಾಸಿ.

ನಡುವೆ ಹಿಂಬದಿಗೂ ಎರಡು ಪಕ್ಕಗಳಿಗೂ ಥರ್ಮೋಕೋಲ್ ಹಾಳೆ ಅಂಟಿಸಿದೆ, ನೂರು ರೂಪಾಯಿಯ ಒಳಗೆ ಮುಗಿಯಿತು. ಮೂರು ಡಿಗ್ರಿ ಇಳಿಯುತ್ತಿದ್ದುದು ಎರಡಕ್ಕೆ ನಿಂತಿತು. ಕರೆಂಟು ತಿಂಗಳಿಗೆ ಹದಿನೈದು ಇಪ್ಪತ್ತು ಯೂನಿಟ್ಟಿಗಿಂತ ಹೆಚ್ಚು ಎಳೆದ ಹಾಗೆ ಕಾಣಲಿಲ್ಲ. ಕರೆಂಟು ಹೋದಾಗ ಬಿಸಿನೀರಿನ ಬಾಟಲಿ ತೇಲಿಬಿಡುವುದನ್ನೂ ಮಾಡಿ ನೋಡಿದ್ದೇನೆ. ಒಂದು ಲೀಟರಿನ ಎರಡು ಬಾಟಲಿಗೆ ಏರಿದ್ದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟಕ್ಕೆ ಅಡುಗೆಮನೆಗೂ ಟ್ಯಾಂಕಿಗೂ ಓಡಾಡಬೇಕಿಲ್ಲ. ಅವ್ವ ಹೊಲಿದ ಹಳೆಯ ಕೌದಿಯನ್ನು ಟ್ಯಾಂಕಿನ ಮೇಲಿಂದ ಮುಂದಿನ ಗಾಜು ಮುಚ್ಚುವ ಹಾಗೆ ಇಳಿಬಿಟ್ಟೆ, ಗಾಳಿಗೆ ಬ್ಯಾಟರಿ ಪಂಪ್ ಹಚ್ಚಿದೆ. ಐದು ಗಂಟೆ ಕರೆಂಟು ಇಲ್ಲದ ಆ ರಾತ್ರಿ ನೀರು ಇಳಿದದ್ದು ಒಂದೇ ಡಿಗ್ರಿ.