ಉತ್ಕರ್ಷಣ ಒತ್ತಡ: ಅಡುಗೆಮನೆಯಿಂದಲೇ ತಗ್ಗಿಸುವುದು ಹೇಗೆ?

ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ತಿಂಗಳಿಗೆ ಸಾಲುವಷ್ಟು ಅಗಸಿ ಹಿಂಡಿಯನ್ನು (ಅಗಸೆಬೀಜದ ಚಟ್ನಿಪುಡಿ) ಒಮ್ಮೆಲೇ ಕುಟ್ಟಿ, ಗಾಜಿನ ಭರಣಿಗೆ ತುಂಬಿ, ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟಿದ್ದೆವು. ಮೂರನೆಯ ವಾರ ಮುಚ್ಚಳ ತೆಗೆದಾಗ ಬಾಗಿಲಿಗೆ ಬಳಿಯುವ ಬಣ್ಣದಂಥ ವಾಸನೆ ಮೂಗಿಗೆ ಬಡಿಯಿತು. ರೊಟ್ಟಿಗೆ ಹಚ್ಚಿಕೊಂಡು ತಿಂದರೆ ನಾಲಿಗೆಗೆ ಕಹಿ ಹತ್ತಿತು. ಹಿಂಡಿ ಕಮಟಾಗಿತ್ತು. ಅಗಸಿ ಎಣ್ಣೆಯಲ್ಲಿ ಅರ್ಧದಷ್ಟಕ್ಕೂ ಮಿಕ್ಕಿ ಇರುವ ಆಲ್ಫಾ ಲಿನೊಲೆನಿಕ್ ಆಮ್ಲ ಎಂಬ ಕೊಬ್ಬು ಆಮ್ಲಜನಕಕ್ಕೆ ಬಲುಬೇಗ ಸೋಲುತ್ತದೆ; ಇದಕ್ಕೇ ಉತ್ಕರ್ಷಣ ಎನ್ನುವುದು. ಕುಟ್ಟಿದಾಗ ಬೀಜದ ಸಿಪ್ಪೆ ಒಡೆಯುತ್ತದೆ, ಗಾಳಿ, ಬೆಳಕು ಮತ್ತು ಕಾವು ಒಳಹೊಗುತ್ತವೆ. ಕೆಟ್ಟ ಒಂದು ಅಣು ಪಕ್ಕದ ಅಣುವನ್ನು ಕೆಡಿಸುತ್ತ ಸರಪಳಿಯಾಗಿ ಸಾಗುತ್ತದೆ.

ಇಂಥದೇ ಸರಪಳಿ ನಮ್ಮ ಜೀವಕೋಶಗಳ ಪೊರೆಯಲ್ಲಿಯೂ ನಡೆಯಬಲ್ಲದು. ಉಸಿರಾಡಿದ ಆಮ್ಲಜನಕದಿಂದ ಶಕ್ತಿ ಪಡೆಯುವಾಗ ಒಂಟಿ ಎಲೆಕ್ಟ್ರಾನ್ ಉಳಿದ, ಜೊತೆ ಹುಡುಕುವ ಅಣುಗಳು ಹುಟ್ಟುತ್ತವೆ. ಅವೇ ಫ್ರೀ ರ‍್ಯಾಡಿಕಲ್‌ಗಳು. ಇವನ್ನು ತಣಿಸಲು ದೇಹ ತನ್ನದೇ ಕಿಣ್ವಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಮುಖ್ಯವಾದ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸಿನ ಕೆಲಸವನ್ನು 1969ರಲ್ಲಿ ವಿಜ್ಞಾನಿಗಳಾದ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಹುಟ್ಟುವ ರ‍್ಯಾಡಿಕಲ್‌ಗಳು ತಣಿಯುವುದಕ್ಕಿಂತ ಹೆಚ್ಚಾದ ಸ್ಥಿತಿಯೇ ಉತ್ಕರ್ಷಣ ಒತ್ತಡ. ರಕ್ತನಾಳಗಳು ಗಡುಸಾಗುವುದರಲ್ಲಿ, ಮಧುಮೇಹದ ತೊಡಕುಗಳಲ್ಲಿ, ಕಣ್ಣಿನ ಪೊರೆಯಲ್ಲಿ ಇದರ ಪಾಲಿದೆ. ಹಾಗೆಂದು ಈ ರ‍್ಯಾಡಿಕಲ್‌ಗಳೆಲ್ಲವೂ ಕೇಡಿಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳ ನೆರವಿನಿಂದಲೇ. ಆದ್ದರಿಂದ ನಾವು ಕಾಯಬೇಕಾದದ್ದು ಸಮತೋಲವನ್ನು.

ಮೊದಲ ಹೆಜ್ಜೆ ತಟ್ಟೆಯಲ್ಲಿಲ್ಲ, ಜೇಬಿನಲ್ಲಿದೆ. ಬೀಡಿ, ಸಿಗರೇಟು, ತಂಬಾಕು ಮತ್ತು ಗುಟ್ಕಾ ಬಿಡದೆ ಎಷ್ಟು ಹಣ್ಣು ತಿಂದರೂ ಲೆಕ್ಕ ಸರಿಹೋಗುವುದಿಲ್ಲ. ಅಡಿಕೆಯ ವಿಷಯದಲ್ಲಿ ಓದುಗರು ವಿಶೇಷವಾಗಿ ಎಚ್ಚರದಿಂದಿರಬೇಕೆಂದು ನನ್ನ ಕಳಕಳಿಯ ವಿನಂತಿ. ಹಣ್ಣು, ಚಹಾಗಳಲ್ಲಿ ನಾವು ಮೆಚ್ಚುವ, ರ‍್ಯಾಡಿಕಲ್‌ಗಳನ್ನು ತಣಿಸುವ ಆಂಟಿಆಕ್ಸಿಡೆಂಟ್‌ಗಳಾದ ಪಾಲಿಫಿನಾಲ್ ವರ್ಗದ ವಸ್ತುಗಳು ಅಡಿಕೆಯಲ್ಲಿಯೂ ಇವೆ. ಆದರೆ ಸುಣ್ಣದೊಂದಿಗೆ ಬಾಯಲ್ಲಿ ಜಗಿದಾಗ ಆ ಕ್ಷಾರದಲ್ಲಿ ಅವೇ ಉತ್ಕರ್ಷಣಗೊಂಡು ಸೂಪರ್ ಆಕ್ಸೈಡ್ ಎಂಬ ರ‍್ಯಾಡಿಕಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತವೆ. ವಸ್ತುವೊಂದು ಆಂಟಿಆಕ್ಸಿಡೆಂಟ್ ಎಂದು ಕರೆಸಿಕೊಂಡ ಮಾತ್ರಕ್ಕೆ ಎಲ್ಲಿಯೂ ಒಳ್ಳೆಯದನ್ನೇ ಮಾಡುತ್ತದೆಂದು ನಂಬಬಾರದು.

ಎರಡನೆಯದು ಬಾಣಲೆಯ ಎಣ್ಣೆ. ಕುಸುಬಿ ಎಣ್ಣೆ ನಮ್ಮ ಭಾಗದ ಹಳೆಯ ಎಣ್ಣೆ, ವಿಟಮಿನ್ ಇ ಉಳ್ಳದ್ದು. ಆದರೆ ಲಿನೊಲಿಕ್ ಆಮ್ಲ ಎಂಬ ಕೊಬ್ಬು ಹೇರಳವಾಗಿರುವ ಸಾಂಪ್ರದಾಯಿಕ ಕುಸುಬಿ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಬೇಗ ಕೆಡುತ್ತದೆ. ಮಿರ್ಚಿ ಭಜಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಬೇಕು. ಅದರಲ್ಲಿ ಮತ್ತೆ ಕರಿಯಬಾರದು, ಹೊಸ ಎಣ್ಣೆಗೆ ಬೆರೆಸಲೂಬಾರದು. ನೊರೆ ಕಟ್ಟಿದ, ಅಂಟಂಟಾದ, ಕಪ್ಪಾದ ಎಣ್ಣೆಯನ್ನು ಮುಲಾಜಿಲ್ಲದೆ ಎಸೆಯಿರಿ. ಅಂಗಡಿಗಳ ಕರಿಯುವ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಕಾಯಿಸಿದ ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ 25 ಮೀರಬಾರದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಮನೆಯಲ್ಲಿ ನಮ್ಮ ಕಣ್ಣು, ಮೂಗುಗಳೇ ಅಳತೆಗೋಲು.

ಮೂರನೆಯದು ತಟ್ಟೆ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಕೈಗೆಟಕದ ಮಾತೆಂದು ತೋರಿದರೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಉಂಡ ಭಜ್ಜಿಯನ್ನು ನೆನೆಯಿರಿ: ಹಸಿ ತೊಗರಿ, ಕಡಲೆ, ಅವರೆ, ಗಜ್ಜರಿ, ಮೆಂತ್ಯ, ಹುಣಸೆಹುಳಿ, ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು, ಸಜ್ಜೆ ರೊಟ್ಟಿಯ ಜೊತೆ ತಟ್ಟೆಗೆ ಬಂದಿರುತ್ತವೆ. ವರ್ಷಕ್ಕೊಮ್ಮೆ ಮಾಡುವ ಈ ಅಡುಗೆಯನ್ನು ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೂ ದೊಡ್ಡ ಲಾಭವಿದೆ. ತೊಗರಿಯ ಪಾಲಿಫಿನಾಲ್‌ಗಳು ಹೆಚ್ಚಾಗಿ ಸಿಪ್ಪೆಯಲ್ಲಿರುವುದರಿಂದ ಗಿರಣಿಯಲ್ಲಿ ಸಿಪ್ಪೆ ಕಳೆದ ಬೇಳೆಗಿಂತ ಇಡೀ ಕಾಳು ಈ ವಿಷಯದಲ್ಲಿ ಮೇಲು. ಜೋಳದ ಹಿಟ್ಟನ್ನೂ ತೀರಾ ಸಣ್ಣ ಜರಡಿಯಲ್ಲಿ ಸೋಸಿ ತೌಡು ಚೆಲ್ಲಬೇಡಿ. ಹಣ್ಣಿನಲ್ಲಿ ಪೇರಲವನ್ನು ಮರೆಯಬೇಡಿ. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ ಸುಮಾರು 80 ಮಿಲಿಗ್ರಾಂ ಆದರೆ, 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ.

ತಂದದ್ದನ್ನು ಬೇಯಿಸುವಾಗ ಕಳೆದುಕೊಳ್ಳುವುದೂ ಉಂಟು. ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ವಿಟಮಿನ್ ಸಿ ನೀರಿನೊಂದಿಗೆ ಹರಿದುಹೋಗುತ್ತದೆ. ಸೊಪ್ಪಿನ ಆಂಟಿಆಕ್ಸಿಡೆಂಟ್ ಆದ ಕೆರೊಟಿನ್ ಮೈಗೆ ಹತ್ತಬೇಕಾದರೆ ಒಗ್ಗರಣೆಯ ಒಂದು ಚಮಚ ಎಣ್ಣೆ ಬೇಕು. ಟೊಮೆಟೊದ ಕೆಂಪು ಬಣ್ಣವಾದ ಲೈಕೋಪಿನ್ ಎಣ್ಣೆಯಲ್ಲಿ ಬೆಂದಾಗ ಹೆಚ್ಚು ದಕ್ಕುತ್ತದೆ. ನಿಂಬೆಯನ್ನು ಮಾತ್ರ ಒಲೆ ಆರಿಸಿದ ಮೇಲೆ ಹಿಂಡಿ.

ನಾಲ್ಕನೆಯ ಮಾತು ಔಷಧದಂಗಡಿಯ ಆಂಟಿಆಕ್ಸಿಡೆಂಟ್ ಮಾತ್ರೆಗಳ ಬಗ್ಗೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕೆರೊಟಿನ್ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿ ಬಂದಿತು. ಕಾಯುವುದೆಂದು ಕೊಟ್ಟದ್ದೇ ಕೊರಳಿಗೆ ಬಂದಿತ್ತು. ವಿಟಮಿನ್ ಸಿಯನ್ನು ಅತಿಯಾಗಿ ನುಂಗಿದರೆ ಮೂತ್ರದಲ್ಲಿ ಕಲ್ಲು ಕಟ್ಟಿಸಬಲ್ಲ ಆಕ್ಸಲೇಟ್ ಹೆಚ್ಚುತ್ತದೆ. ಬೇಸಿಗೆಯ ಬೆವರಿನಲ್ಲಿ ನೀರು ಕಡಿಮೆಯಾಗುವ ನಮ್ಮ ಜಿಲ್ಲೆಗಳಲ್ಲಿ, ಮೂತ್ರಪಿಂಡದ ಕಲ್ಲು ಒಮ್ಮೆ ಕಾಡಿದವರು ಇದನ್ನು ಹಗುರವಾಗಿ ಕಾಣಬಾರದು. ಕೊರತೆ ಇದೆಯೆಂದು ವೈದ್ಯರು ಹೇಳಿದರೆ ಮಾತ್ರ, ಅವರು ಹೇಳಿದಷ್ಟೇ ತೆಗೆದುಕೊಳ್ಳಿ.

ಇನ್ನು ಹಿಂಡಿಯ ವಿಚಾರ. ಅಗಸಿಯನ್ನು ಇಡೀ ಬೀಜವಾಗಿಯೇ ಸಂಗ್ರಹಿಸಬೇಕು, ಸಿಪ್ಪೆಯೇ ಅದರ ಕಾವಲು. ವಾರಕ್ಕೆ ಬೇಕಾದಷ್ಟನ್ನೇ ಸಣ್ಣ ಉರಿಯಲ್ಲಿ, ಚಟಪಟ ಸದ್ದು ಬರುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ. ಬೆಳಕು ತೂರದ ಸ್ಟೀಲ್ ಡಬ್ಬಿಗೆ ಗಾಳಿಯ ಜಾಗ ಉಳಿಯದಂತೆ ಒತ್ತಿ ತುಂಬಿ, ಒಲೆಯಿಂದ ದೂರದಲ್ಲಿಡಿ; ಮೇ ತಿಂಗಳಿನಲ್ಲಾದರೆ ಫ್ರಿಜ್ಜಿನಲ್ಲಿಡಿ. ಬಡಿಸುವ ಮೊದಲು ಒಮ್ಮೆ ಮೂಸಿ ನೋಡಿ.