ಮೂರು ರೂಬಲ್ ನಾಣ್ಯವನ್ನು ನೀರಲ್ಲಿ ತೂಗಿದೆ

ನಾನು ಕೊಂಡ ಮೊದಲ ಪ್ಲಾಟಿನಂ ನಾಣ್ಯ ನಕಲಿ. ರಷ್ಯಾದ 3 ರೂಬಲ್, ಇಸವಿ 1834. ಫೋಟೋದಲ್ಲಿ ಎಲ್ಲ ಸರಿಯಾಗೇ ಇತ್ತು. ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡ ತಕ್ಷಣ ಎದೆ ಧಸಕ್ಕೆಂದಿತು, ಯಾಕಂದ್ರೆ ಅದು ತೀರಾ ಹಗುರ. ತೂಗಿದರೆ 4.6 ಗ್ರಾಂ. ಅಸಲಿ ನಾಣ್ಯ 10.35 ಗ್ರಾಂ ಇರಬೇಕು. ಹೊಟ್ಟೆ ಉರಿಸಿದ್ದು ಏನಂದ್ರೆ ಆ ತೂಕ ನಾಣ್ಯದ ಮೇಲೆಯೇ ಬರೆದಿರುತ್ತದೆ: 2 ಜೊಲೊಟ್ನಿಕ್ 41 ದೋಲ್ಯಾ, ಶುದ್ಧ ಉರಲ್ ಪ್ಲಾಟಿನಂ. ಇವು ರಷ್ಯಾದ ಹಳೆಯ ತೂಕದ ಅಳತೆಗಳು, ಲೆಕ್ಕ ಹಾಕಿದರೆ ಸರಿಯಾಗಿ 10.35 ಗ್ರಾಂ ಬರುತ್ತದೆ. ನನಗೆ ಆಗ ಅದನ್ನು ಓದಲು ಬರುತ್ತಿರಲಿಲ್ಲ.

ಆಮೇಲೆ ಕೂತು ಓದಿದೆ. ಉರಲ್ ಬೆಟ್ಟಗಳಲ್ಲಿ, ಅದರಲ್ಲೂ ದೆಮಿದೋವ್ ಮನೆತನದ ನಿಝ್ನಿ ತಗಿಲ್ ಕಡೆ, 1820ರ ದಶಕದಲ್ಲಿ ಹೊಳೆಮರಳಿನಲ್ಲಿ ರಾಶಿ ಪ್ಲಾಟಿನಂ ಸಿಕ್ಕಿತು. ಕೊಳ್ಳುವವರೇ ಇರಲಿಲ್ಲ. ಹಣಕಾಸು ಮಂತ್ರಿ ಕಾಂಕ್ರಿನ್‌ಗೆ ಇದರಲ್ಲೇ ನಾಣ್ಯ ಹೊಡೆಸುವ ಯೋಚನೆ ಬಂತು. 1827ರಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಅವರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದರು. ದಕ್ಷಿಣ ಅಮೆರಿಕ ಸುತ್ತಿ ಬಂದಿದ್ದ ಹಂಬೋಲ್ಟ್ ಬೇಡ ಅಂದರು, ಈ ಲೋಹದ ಬೆಲೆ ಒಂದು ಕಡೆ ನಿಲ್ಲುವುದಿಲ್ಲ ಅಂತ. ಕಾಂಕ್ರಿನ್ ಕೇಳಲಿಲ್ಲ. 1828ರಲ್ಲಿ 3 ರೂಬಲ್, ಮರುವರ್ಷ 6, ಅದರ ಮರುವರ್ಷ 12 ರೂಬಲ್ ನಾಣ್ಯ ಬಂದವು.

ನನಗೆ ತುಂಬ ಉಪಯೋಗಕ್ಕೆ ಬಂದ ವಿಷಯ ಬೇರೆ. ಈ ಮೂರು ನಾಣ್ಯಗಳನ್ನು ಆಗಿನ ಬೆಳ್ಳಿ ನಾಣ್ಯಗಳ ಅಳತೆಯಲ್ಲೇ ಹೊಡೆದರು. 3 ರೂಬಲ್ಲಿನದು 25 ಕೋಪೆಕ್, ಅಂದರೆ ಕಾಲು ರೂಬಲ್ ಬೆಳ್ಳಿ ನಾಣ್ಯದ ಗಾತ್ರ. ಬೆಳ್ಳಿಯದು 5.18 ಗ್ರಾಂ, ಪ್ಲಾಟಿನಂನದು ಸರಿಯಾಗಿ ಅದರ ಎರಡರಷ್ಟು. ಅಂದರೆ ಅಗಲ, ದಪ್ಪ ಎರಡೂ ಸರಿ ಇದ್ದು ತೂಕವೂ ಸರಿ ಬರಬೇಕಾದರೆ ಮಾಮೂಲಿ ಲೋಹದಲ್ಲಿ ಸಾಧ್ಯವೇ ಇಲ್ಲ.

ಎರಡನೇ ಸಲ 3 ರೂಬಲ್ ಕೊಳ್ಳಲು, ಕೆಲಸದ ಮೇಲೆ ಜರ್ಮನಿಯಲ್ಲಿದ್ದಾಗ, ಒಂದು ನಾಣ್ಯದ ಅಂಗಡಿಗೆ ನನ್ನದೇ ತಕ್ಕಡಿ ತೆಗೆದುಕೊಂಡು ಹೋದೆ. ಬೆಲೆ ನನ್ನ ಒಂದು ತಿಂಗಳ ಮನೆಬಾಡಿಗೆಗಿಂತ ಜಾಸ್ತಿ, ಹಾಗಾಗಿ ನಾಚಿಕೆ ಪಡಲಿಲ್ಲ. ಅಂಗಡಿಯವರು ಬೇಜಾರು ಮಾಡಿಕೊಳ್ಳದೆ ಒಂದು ಲೋಟ ನೀರೂ ಕೊಟ್ಟರು. ನಮ್ಮಲ್ಲಿ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ನೋಡುತ್ತಾರಲ್ವಾ, ಹಳೆ ನಾಣ್ಯಕ್ಕೆ ಅದು ಬೇಡವೇ ಬೇಡ, ಒಂದು ಗೀರು ಬಿದ್ದರೂ ಬೆಲೆ ಹೋಯಿತು. ನೀರೇ ಸಾಕು.

ಮೊದಲು ಒಣ ನಾಣ್ಯ ತೂಗಿದೆ: 10.31 ಗ್ರಾಂ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಂಡೆ. ನಾಣ್ಯವನ್ನು ತೆಳು ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 0.50 ಬಂತು. 10.31ನ್ನು ಅದರಿಂದ ಭಾಗಿಸಿದರೆ 20.6. ಇದೇ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ. ಶುದ್ಧ ಪ್ಲಾಟಿನಂ ಸಾಂದ್ರತೆ 21.45, ಆ ಕಾಲದ ಲೋಹ ಅಷ್ಟು ಶುದ್ಧವಿರಲಿಲ್ಲ, ಸ್ವಲ್ಪ ಕಡಿಮೆ ಬರಲೇಬೇಕು. ಇದೇ ತೂಕದ ಬೆಳ್ಳಿಯಾಗಿದ್ದರೆ 0.98 ತೋರಿಸುತ್ತಿತ್ತು.

ಆದರೂ ಸಮಾಧಾನ ಆಗಲಿಲ್ಲ. ಟಂಗ್‌ಸ್ಟನ್ ಅಂತ ಒಂದು ಅಗ್ಗದ ಲೋಹವಿದೆ, ಹೆಚ್ಚುಕಮ್ಮಿ ಪ್ಲಾಟಿನಂನಷ್ಟೇ ಭಾರ. ಅದಾಗಿದ್ದರೆ 0.53ರ ಹತ್ತಿರ ಬರುತ್ತದೆ. ನನ್ನ ತಕ್ಕಡಿಯಲ್ಲಿ ಕೊನೆಯ ಅಂಕಿ ಒಂದೆರಡು ಹೆಚ್ಚುಕಮ್ಮಿ ಆಗುವುದು ಮಾಮೂಲಿ, ಅದನ್ನು ನಂಬಿ ಅಷ್ಟು ದುಡ್ಡು ಹಾಕುವುದು ಹೇಗೆ? ಮರುದಿನ ಮಿಲಿಗ್ರಾಂ ತಕ್ಕಡಿ ಹೊಂದಿಸಿಕೊಂಡು ಮತ್ತೆ ಹೋದೆ. ನೀರಿಗೆ ಒಂದು ಹನಿ ಸೋಪು ಹಾಕಿ, ನಾಣ್ಯಕ್ಕೆ ಅಂಟಿದ್ದ ಗುಳ್ಳೆಗಳನ್ನು ಬಿಡಿಸಿ, ಮೂರು ಸಲ ತೂಗಿದೆ: 0.497, 0.499, 0.498. ಕೊಂಡುಕೊಂಡೆ.

ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈಯಲ್ಲಿ ಅಲ್ಲಲ್ಲಿ ಒರಟು, ಸಣ್ಣ ಬಿರುಕು. ಮೊದಲು ಗಾಬರಿಯಾಯಿತು. ಆದರೆ ಅದೇ ಅಸಲಿಯ ಗುರುತು. ಪ್ಲಾಟಿನಂ ಕರಗುವುದು 1768 ಡಿಗ್ರಿಯಲ್ಲಿ, ಆಗಿನ ಕುಲುಮೆಗೆ ಅಷ್ಟು ಶಾಖ ಎಲ್ಲಿಂದ ಬರಬೇಕು? ಸೊಬೊಲೆವ್‌ಸ್ಕಿ ಎಂಬ ಎಂಜಿನಿಯರ್ ದಾರಿ ಕಂಡುಹಿಡಿದರು. ಅದುರನ್ನು ಆಕ್ವಾ ರೀಜಿಯಾ ಎಂಬ, ಚಿನ್ನವನ್ನೂ ಕರಗಿಸುವ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ, ನವಸಾಗರ ಹಾಕಿ ತಳಕ್ಕೆ ಇಳಿಸಿ, ಕಾಯಿಸಿದರೆ ಸ್ಪಂಜಿನಂಥ ಲೋಹ ಸಿಗುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ, ಮತ್ತೆ ಕಾಯಿಸಿ, ಬಡಿದು ಗಟ್ಟಿ ಮಾಡಿದರು. ಈ ನಾಣ್ಯ ಎರಕದ್ದಲ್ಲ, ಒತ್ತಿದ ಪುಡಿಯದು.

ಬೆಲೆಯ ಲೆಕ್ಕವನ್ನೂ ನೋಡಿ. ಒಂದು ಬೆಳ್ಳಿ ರೂಬಲ್ಲಿನಲ್ಲಿ 18 ಗ್ರಾಂ ಶುದ್ಧ ಬೆಳ್ಳಿ. ಮೂರಕ್ಕೆ 54 ಗ್ರಾಂ. ಅಂದರೆ 1 ಗ್ರಾಂ ಪ್ಲಾಟಿನಂಗೆ ಸುಮಾರು 5 ಗ್ರಾಂ ಬೆಳ್ಳಿ ಅಂತ ಸರ್ಕಾರ ನಿಗದಿ ಮಾಡಿದ ಹಾಗಾಯಿತು. ಆಗ ಚಿನ್ನಕ್ಕೆ ಬೆಳ್ಳಿಯ 15 ಪಟ್ಟು ಬೆಲೆ ಇತ್ತು, ಹಾಗಾಗಿ ಪ್ಲಾಟಿನಂ ಚಿನ್ನದ ಮೂರರಲ್ಲೊಂದು. 1860ರ ದಶಕದಲ್ಲಿ ಸ್ಪೇನಿನ ಖೋಟಾ ನಾಣ್ಯದವರು ಪ್ಲಾಟಿನಂಗೆ ಚಿನ್ನದ ಗಿಲೀಟು ಮಾಡಿ ಚಿನ್ನದ ನಾಣ್ಯ ಅಂತ ಸಾಗಿಸಿದ್ದರು. ಆ ನಕಲಿಗಳನ್ನೇ ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ!

ರಷ್ಯಾದ ಪ್ರಯೋಗ 1845ಕ್ಕೆ ಮುಗಿಯಿತು, ನಾಣ್ಯಗಳನ್ನು ವಾಪಸ್ ತೆಗೆದುಕೊಂಡರು. ಹಂಬೋಲ್ಟ್ ಹೇಳಿದ್ದು ಸರಿ ಅಂತ ನನಗೆ ಪೂರ್ತಿ ಮನವರಿಕೆಯಾಗಿದ್ದು ನಮ್ಮ ಕಾಲದ ಬೆಲೆಗಳನ್ನು ನೋಡಿದ ಮೇಲೆ. 2008ರ ಮಾರ್ಚಿನಲ್ಲಿ ಒಂದು ಔನ್ಸ್ ಪ್ಲಾಟಿನಂ 2,200 ಡಾಲರ್ ದಾಟಿತ್ತು. ಕಾರು ಕಾರ್ಖಾನೆಗಳ ಬೇಡಿಕೆ ಕುಸಿದಿದ್ದೇ ತಡ, ಅದೇ ವರ್ಷದ ಕೊನೆಗೆ ಸಾವಿರಕ್ಕಿಂತ ಕೆಳಗೆ ಬಂತು. ಅಚ್ಚಿನ ಮೇಲೆ 3 ರೂಬಲ್ ಅಂತ ಕೊರೆದುಬಿಟ್ಟರೆ ಇಂಥ ಲೋಹ ಮಾತು ಕೇಳುತ್ತದೆಯೇ?

ಈಗ ನನ್ನ ಪ್ಲಾಟಿನಂ ನಾಣ್ಯದ ಪಕ್ಕ ಒಂದು 25 ಕೋಪೆಕ್ ಬೆಳ್ಳಿ ನಾಣ್ಯವನ್ನೂ ತಂದಿಟ್ಟಿದ್ದೇನೆ. ಮನೆಗೆ ಬಂದವರಿಗೆ ಕಣ್ಣು ಮುಚ್ಚಲು ಹೇಳಿ ಎರಡು ಕೈಗೆ ಒಂದೊಂದು ಕೊಡುತ್ತೇನೆ.